ಕೊಸೊಕೊ: ಸಾವಿಗೆ ಗುದ್ದಲಿ ಕೊಡದ ಹೆಸರು

ಮಕ್ಕಳ ಹೆಸರಿಗೆ ಅರ್ಥ ಹೇಳುವ ವೆಬ್‌ಸೈಟುಗಳಲ್ಲಿ ಆಫ್ರಿಕಾದ ಗಂಡುಹೆಸರುಗಳಿಗೆಲ್ಲ ಸಿಗುವುದು ಎರಡೋ ಮೂರೋ ಅರ್ಥ: ವೀರ, ರಾಜ, ದೇವರ ವರ. ಆ ಸಾಲಿನಲ್ಲಿ ‘ಕೊಸೊಕೊ’ ಎಂಬ ಹೆಸರನ್ನು ಕೂರಿಸುವುದು ಕಷ್ಟ. ನೈಜೀರಿಯಾದ ನೈಋತ್ಯ ಭಾಗದಲ್ಲೂ ಪಕ್ಕದ ಬೆನಿನ್ ದೇಶದಲ್ಲೂ ಇರುವ ಯೊರುಬಾ ಜನರ ಹೆಸರು ಇದು. ಹೆಚ್ಚಾಗಿ ಗಂಡುಮಕ್ಕಳಿಗೆ ಇಡುತ್ತಿದ್ದರು. ಅರ್ಥ: ‘ಗುದ್ದಲಿ ಇಲ್ಲ’.

ಇಲ್ಲದ ಗುದ್ದಲಿ ಯಾವುದು? ಗುಂಡಿ ತೋಡುವ ಗುದ್ದಲಿ. ಹಿಂದೆ ಹುಟ್ಟಿದ ಮಕ್ಕಳು ಒಂದೊಂದಾಗಿ ತೀರಿಕೊಂಡ ಮನೆಯಲ್ಲಿ ಮತ್ತೊಂದು ಗಂಡುಕೂಸು ಹುಟ್ಟಿದಾಗ ಹಿರಿಯರು ಇಡುತ್ತಿದ್ದ ಹೆಸರು ಇದು. ನಿನ್ನನ್ನು ಹೂಳಲು ನಮ್ಮಲ್ಲಿ ಗುದ್ದಲಿ ಇಲ್ಲ, ಆದ್ದರಿಂದ ನೀನು ಸಾಯುವಂತಿಲ್ಲ ಎಂದು ತೊಟ್ಟಿಲ ಕೂಸಿಗೆ ಹೇಳುವ ಮಾತು. ಯೊರುಬಾ ನಾಡು ಬೇಸಾಯದ ನಾಡು. ಗೆಣಸು, ಜೋಳ ಬೆಳೆಯುವ ಊರುಗಳಲ್ಲಿ ಗುದ್ದಲಿ ಇಲ್ಲದ ಮನೆ ಎಲ್ಲಿಂದ ಬರಬೇಕು? ಇದು ಕೇಳುವವರಿಗೂ ಗೊತ್ತಿರುವ ಹಸಿ ಸುಳ್ಳು. ಎರವಲು ಕೇಳಿಕೊಂಡು ಬಾಗಿಲಿಗೆ ಬಂದ ಪಕ್ಕದ ಮನೆಯವರಿಗೆ, ಹಿತ್ತಲಲ್ಲಿ ಸಾಮಾನು ಕಾಣುತ್ತಿದ್ದರೂ, ‘ನಮ್ಮಲ್ಲಿಲ್ಲ, ಹೋಗಿ ಬನ್ನಿ’ ಎಂದು ಸಾಗಹಾಕುವ ಹಾಗೆ ಇಲ್ಲಿ ಸಾವನ್ನೇ ಬಾಗಿಲಲ್ಲಿ ನಿಲ್ಲಿಸಿ ಸಾಗಹಾಕಿದ್ದಾರೆ.

ಹೆಸರು ಕಟ್ಟಿರುವ ರೀತಿ ಕನ್ನಡದವರಿಗೆ ಬೇಗ ತಿಳಿಯುತ್ತದೆ. ಯೊರುಬಾದಲ್ಲಿ ‘ಕೊ ಸಿ’ ಎಂದರೆ ಇಲ್ಲ. ‘ಒಕೊ’ ಎಂದರೆ ಗುದ್ದಲಿ. ಎರಡು ಸ್ವರ ಎದುರಾದಾಗ ಮೊದಲಿನದು ಬಿದ್ದುಹೋಗುತ್ತದೆ, ನಮ್ಮ ಲೋಪಸಂಧಿಯ ಹಾಗೇ: ಕೊ ಸಿ ಒಕೊ ಸೇರಿ ಕೊಸೊಕೊ. ಆದರೆ ಬಿದ್ದುಹೋದ ಸ್ವರ ತನ್ನ ಏರುದನಿಯನ್ನು ಪಕ್ಕದ ಅಕ್ಷರಕ್ಕೆ ಬಿಟ್ಟುಹೋಗುತ್ತದೆ. ಇಂಥದ್ದು ಕನ್ನಡದಲ್ಲಿ ಇಲ್ಲ. ಯೊರುಬಾ ಭಾಷೆಯಲ್ಲಿ ಪ್ರತಿ ಅಕ್ಷರಕ್ಕೂ ತಗ್ಗು, ನಡು, ಏರು ಎಂಬ ಮೂರು ದನಿಗಳಲ್ಲಿ ಒಂದು ಇದ್ದೇ ಇರುತ್ತದೆ. ದನಿ ಬದಲಾದರೆ ಮಾತೇ ಬೇರೆ. ‘ಒಕೊ’ವನ್ನು ನಡುದನಿಯಲ್ಲಿ ಶುರುಮಾಡಿ ಏರಿಸಿದರೆ ಗುದ್ದಲಿ, ಎರಡನ್ನೂ ನಡುದನಿಯಲ್ಲೇ ಇಟ್ಟರೆ ಗಂಡ, ಕೊನೆಯದನ್ನು ತಗ್ಗಿಸಿದರೆ ದೋಣಿ ಅಥವಾ ವಾಹನ, ಎರಡನ್ನೂ ತಗ್ಗಿಸಿದರೆ ಈಟಿ. ಹಾಗಾಗಿ ಕೊಸೊಕೊದ ಕೊನೆಯ ‘ಕೊ’ವನ್ನು ಕೊಂಚ ಇಳಿಸಿ ಹೇಳಿದರೆ ಅದು ‘ಗಂಡ ಇಲ್ಲ’ ಆಗಿಬಿಡುತ್ತದೆ. ಸರಿಯಾದ ಉಚ್ಚಾರ ಬೇಕಿದ್ದರೆ ಮೊದಲಕ್ಷರ ತಗ್ಗಿನಲ್ಲಿ, ಮುಂದಿನ ಎರಡೂ ಏರಿನಲ್ಲಿ. ಬ್ರಿಟಿಷ್ ಗುಮಾಸ್ತರು ದಾಖಲೆ ಬರೆದುಕೊಳ್ಳುವಾಗ ಈ ಏರಿಳಿತವನ್ನೂ, ಉಚ್ಚಾರದ ವ್ಯತ್ಯಾಸ ತೋರಿಸಲು ರೋಮನ್ ಅಕ್ಷರದಡಿ ಇಡುವ ಚುಕ್ಕೆಗಳನ್ನೂ ಬಿಟ್ಟೇ ಬರೆದರು. ಹೆಸರಿನ ವೆಬ್‌ಸೈಟುಗಳ ಅರ್ಥಗಳು ದಿಕ್ಕು ತಪ್ಪುವುದರಲ್ಲಿ ಆ ಬರವಣಿಗೆಯ ಪಾಲು ದೊಡ್ಡದು.

ಈಗ ಹೆಸರಿನ ಹಿಂದಿರುವ ನಂಬಿಕೆಗೆ ಬರೋಣ. ‘ಅಬಿಕು’ ಎಂಬುದು ಯೊರುಬಾ ಮಾತು. ‘ಅಬಿ’ ಹುಟ್ಟು, ‘ಇಕು’ ಸಾವು. ಸಾಯಲೆಂದೇ ಹುಟ್ಟುವ ಮಗು. ಒಬ್ಬ ತಾಯಿಗೆ ಮೂರು ನಾಲ್ಕು ಕೂಸು ಹುಟ್ಟಿ ಸತ್ತರೆ ಅವು ಬೇರೆ ಬೇರೆ ಮಕ್ಕಳಲ್ಲ, ಒಂದೇ ಮಗು ಬಂದು ಹೋಗಿ ಮಾಡುತ್ತಿದೆ ಎಂಬ ನಂಬಿಕೆ. ಆ ಮಗುವಿಗೆ ಮೇಲಿನ ಲೋಕದಲ್ಲಿ ಜೊತೆಗಾರರ ಒಂದು ಗುಂಪಿದೆ. ಭೂಮಿಗೆ ಹೊರಡುವಾಗಲೇ ಅವರಿಗೆ ಮಾತು ಕೊಟ್ಟು ಬಂದಿರುತ್ತದೆ: ಹಲ್ಲು ಬಂದ ದಿನ ವಾಪಸಾಗುತ್ತೇನೆ, ನಡೆಯಲು ಕಲಿತ ದಿನ ಬರುತ್ತೇನೆ, ಇಲ್ಲವೇ ಮದುವೆಯ ದಿನವೇ ಹೊರಟುಬಿಡುತ್ತೇನೆ. ಮನೆಯವರ ಕೆಲಸ ಆ ಒಪ್ಪಂದವನ್ನು ಮುರಿಯುವುದು. ಇಫಾ ಎಂಬ ಕಣಿಶಾಸ್ತ್ರ ನೋಡುವ ಪೂಜಾರಿ, ಬಾಬಲಾವೊ, ಹತ್ತಿರ ಹೋಗುತ್ತಿದ್ದರು. ಕೂಸಿನ ಕಾಲಿಗೆ ಕಬ್ಬಿಣದ ಬಳೆ, ಕಿರುಗೆಜ್ಜೆ ಕಟ್ಟುತ್ತಿದ್ದರು, ಕಬ್ಬಿಣದ ಸದ್ದಿಗೆ ಆ ಜೊತೆಗಾರರು ಹೆದರಿ ದೂರ ಉಳಿಯಲೆಂದು. ಸತ್ತ ಕೂಸಿನ ಮೈಮೇಲೆ ಗಾಯದ ಗುರುತು ಮಾಡುವ ಪದ್ಧತಿಯೂ ಇತ್ತು; ಗುರುತಾದ ಮೈಯನ್ನು ಗೆಳೆಯರು ಸೇರಿಸಿಕೊಳ್ಳುವುದಿಲ್ಲ, ಆಗ ಮುಂದಿನ ಸಲ ಬಂದದ್ದು ಉಳಿಯುತ್ತದೆ ಎಂದು. ಕೇಳಿದರೆ ಮೈ ಜುಂ ಎನ್ನುತ್ತದೆ. ಆದರೂ ಇದನ್ನು ಕ್ರೌರ್ಯ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಮದ್ದಿಲ್ಲದ ಕಾಲದಲ್ಲಿ ಸಾಲಾಗಿ ಕೂಸುಗಳನ್ನು ಕಳೆದುಕೊಂಡ ಮನೆಗೆ ಮಾಡಲಿಕ್ಕೆ ಏನಾದರೂ ಒಂದು ಬೇಕಿತ್ತು.

ಮಾಡಬಹುದಾದ ಕೆಲಸಗಳಲ್ಲಿ ಎಲ್ಲಕ್ಕಿಂತ ಸುಲಭದ್ದು, ಯಾರ ಕೈಯಲ್ಲೂ ಆಗುವಂಥದ್ದು, ಹೆಸರಿಡುವುದು. ಯೊರುಬಾ ಪಾದ್ರಿ ಸ್ಯಾಮುಯೆಲ್ ಜಾನ್ಸನ್ ತಮ್ಮ ಜನರ ಚರಿತ್ರೆಯನ್ನು 1897ರ ಹೊತ್ತಿಗೆ ಬರೆದು ಮುಗಿಸಿದ್ದರು. ಇಂಗ್ಲೆಂಡಿನ ಪ್ರಕಾಶಕರಲ್ಲಿ ಆ ಹಸ್ತಪ್ರತಿ ಕಳೆದೇಹೋಯಿತು. ಜಾನ್ಸನ್ 1901ರಲ್ಲಿ ತೀರಿಕೊಂಡರು. ಅವರ ತಮ್ಮ, ವೈದ್ಯ ಒಬದಯ್ಯ ಜಾನ್ಸನ್, ಉಳಿದ ಟಿಪ್ಪಣಿಗಳಿಂದ ಅದನ್ನು ಮತ್ತೆ ಕಟ್ಟಿದರು, 1921ರಲ್ಲಿ ಅದು ಅಚ್ಚಾಯಿತು. ಆ ಪುಸ್ತಕದಲ್ಲಿ ಅಬಿಕು ಹೆಸರುಗಳದ್ದೇ ಒಂದು ಪಟ್ಟಿ ಇದೆ, ಕೊಸೊಕೊ ಕೂಡ ಅದರಲ್ಲಿದೆ. ಆ ಹೆಸರುಗಳ ಜೊತೆಗೆ ಇಂದಿಗೂ ಕೇಳಿಬರುವ ಇನ್ನೂ ಒಂದೆರಡನ್ನು ಸೇರಿಸಿ ಓದಿದರೆ ಒಂದು ಮನೆಯ ಹಿರಿಯರೆಲ್ಲ ತೊಟ್ಟಿಲ ಸುತ್ತ ನಿಂತು ಒಬ್ಬೊಬ್ಬರು ಒಂದೊಂದು ದನಿಯಲ್ಲಿ ಮಾತಾಡುತ್ತಿರುವಂತೆ ಕೇಳುತ್ತದೆ.

ಮಲೊಮೊ: ಇನ್ನು ಹೋಗಬೇಡ. ಬಾಂಜೊಕೊ: ನನ್ನ ಜೊತೆ ಕೂತಿರು. ದುರೊಜಾಯೆ: ಇದ್ದು ಬಾಳಿ ಸುಖಪಡು. ಇವು ಬೇಡುವ ಹೆಸರುಗಳು. ದುರೊಸಿನ್ಮಿ ಎಂದರೆ ‘ನಿಂತು ನನ್ನನ್ನು ಮಣ್ಣು ಮಾಡು’. ಮಕ್ಕಳನ್ನು ಹೂತು ಸಾಕಾದ ಅಪ್ಪ, ಸರದಿ ನನ್ನದು, ನಿನ್ನದಲ್ಲ ಎನ್ನುತ್ತಿದ್ದಾನೆ. ತಿಜುಇಕು ಗದರುವ ಹೆಸರು: ಸಾಯಲು ನಾಚಿಕೆಪಡು. ಎನುಕುನೊನಿಪೆ: ಸಮಾಧಾನ ಹೇಳುವವರ ಬಾಯಿ ಸೋತಿತು. ಪ್ರತಿ ಸಲ ಸಾವಿನ ಮನೆಗೆ ಬಂದು ಕೂರುವ ನೆರೆಹೊರೆಯವರಿಗೂ ಮಾತು ಮುಗಿದಿದೆ, ಇನ್ನು ಅವರನ್ನು ದಣಿಸಬೇಡ ಎಂದು ಕೂಸಿಗೆ ಹೇಳುವುದು. ಇಷ್ಟೊಂದು ಸಂಸಾರ ತುಂಬಿದ ಹೆಸರನ್ನು ನಾನು ಬೇರೆ ಯಾವ ಭಾಷೆಯಲ್ಲೂ ಕಂಡಿಲ್ಲ.

ಇನ್ನೊಂದು ಗುಂಪು ಸಾಮಾನು ಮುಗಿಯಿತು ಎನ್ನುವ ಹೆಸರುಗಳದ್ದು. ಅಕಿಸಾತಾನ್ ಎಂದರೆ ‘ಹಳೆಬಟ್ಟೆ ಮುಗಿಯಿತು’. ಕೂಸನ್ನು ಸುತ್ತಿ ಒಯ್ಯಲು ಚಿಂದಿಯೂ ಉಳಿದಿಲ್ಲ. ಇಗ್ಬೆಕೊಯಿ ಎಂದರೆ ಕಾಡೂ ಇದನ್ನು ಒಲ್ಲೆನೆಂದಿತು. ಹಿಂದೆ ಯೊರುಬಾಗಳು ಹಿರಿಯರನ್ನು ಮನೆಯ ಆವರಣದಲ್ಲೇ ಹೂಳುತ್ತಿದ್ದರು. ಅಬಿಕು ಎನಿಸಿಕೊಂಡ ಕೂಸಿಗೆ ಆ ಮರ್ಯಾದೆ ಇರಲಿಲ್ಲ, ಅದನ್ನು ಊರಾಚೆಯ ಪೊದೆಗಾಡಿಗೆ ಒಯ್ಯುತ್ತಿದ್ದರು. ಆ ಕಾಡೂ ಬಾಗಿಲು ಹಾಕಿದೆ ಎನ್ನುವುದು ಈ ಹೆಸರಿನ ತಂತ್ರ. ಕೊಸೊಕೊ ಈ ಗುಂಪಿನದು. ಚಿಂದಿ ಇಲ್ಲ, ಜಾಗ ಇಲ್ಲ, ಗುದ್ದಲಿ ಇಲ್ಲ. ಗೋಳು ಇಲ್ಲ, ದೇವರಿಗೆ ಮೊರೆಯೂ ಇಲ್ಲ. ಸಾಯಲು ಬೇಕಾದ ಏರ್ಪಾಟು ನಮ್ಮಲ್ಲಿಲ್ಲ ಎನ್ನುವ ಒಣ ವ್ಯವಹಾರದ ಮಾತು. ನನ್ನ ಮಟ್ಟಿಗೆ ಬೇಡುವ ಹೆಸರುಗಳಿಗಿಂತ ಇವೇ ಗಟ್ಟಿ. ಕೊನೆಗೆ ಅವಮಾನಿಸುವ ಹೆಸರುಗಳೂ ಇವೆ. ಅಜಾ ಎಂದರೆ ನಾಯಿ. ನಾಯಿ ಎಂದು ಕರೆಸಿಕೊಳ್ಳುವುದನ್ನು ಕರೆದೊಯ್ಯಲು ಯಾರು ಬರುತ್ತಾರೆ?

ಈ ಕೊನೆಯ ಉಪಾಯ ಯೊರುಬಾಗಳದ್ದಷ್ಟೇ ಅಲ್ಲ. ಘಾನಾದ ಅಕಾನ್ ಜನರಲ್ಲಿ ಇಂಥ ಕೂಸಿಗೆ ‘ಸುಮಿನಾ’ ಎಂದು ಹೆಸರಿಡುತ್ತಿದ್ದರು, ಕಸದ ರಾಶಿ ಎಂದರ್ಥ. ನಮ್ಮ ಹಳ್ಳಿಗಳಲ್ಲೂ ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪ, ತಿಪ್ಪಮ್ಮ ಎಂದು ಕರೆಯುವುದಿತ್ತು. ಗುಂಡ, ಕಲ್ಲ ಎಂದು ಕರೆದದ್ದೂ ಹೀಗೇ. (ಚಿತ್ರದುರ್ಗದ ಕಡೆಯ ತಿಪ್ಪೇಸ್ವಾಮಿಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅವರಲ್ಲಿ ಹೆಚ್ಚಿನವರ ಹೆಸರು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರ ಮೇಲಿನ ಭಕ್ತಿಯಿಂದ ಬಂದದ್ದು.) ಇನ್ನೂ ಹತ್ತಿರದ ಹೋಲಿಕೆ ಮಾತಿನಲ್ಲೇ ಇದೆ. ‘ಅವಳಿಗೆ ಮಕ್ಕಳು ನಿಲ್ಲುತ್ತಿರಲಿಲ್ಲ’ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಯೊರುಬಾದ ಮಲೊಮೊ, ಕೊಸೊಕೊಗಳ ಪಕ್ಕದಲ್ಲೇ ನಿಲ್ಲುವ ದುರೊಸಿನ್ಮಿ, ದುರೊಜಾಯೆಗಳ ‘ದುರೊ’ ಎಂದರೂ ನಿಲ್ಲು. ಅಕಾನ್ ಭಾಷೆಯಲ್ಲಿ ಇಂಥ ಮಕ್ಕಳನ್ನು ಕರೆಯುವ ಪದದಲ್ಲೂ ‘ಬಂದು ನಿಲ್ಲು’ ಎಂಬ ಕ್ರಿಯಾಪದವೇ ಇದೆ. ನೈಜೀರಿಯಾದ ಪೂರ್ವದ ಇಗ್ಬೊ ಜನ ಇದೇ ನಂಬಿಕೆಯನ್ನು ‘ಒಗ್ಬಾಂಜೆ’ ಎನ್ನುತ್ತಾರೆ. ಸಾವಿನೊಡನೆ ನೇರ ಮಾತಾಡುವ ಹೆಸರುಗಳು ಅವರಲ್ಲೂ ಇವೆ: ಒನ್ವುಬಿಕೊ, ‘ಸಾವೇ, ದಮ್ಮಯ್ಯ’.

ಒಂದೇ ಮನೆಯಲ್ಲಿ ಮಕ್ಕಳು ಸಾಲಾಗಿ ಸಾಯುತ್ತಿದ್ದುದಕ್ಕೆ ಇಂದು ವೈದ್ಯರು ಕೊಡುವ ಕಾರಣಗಳು ಹಲವು. ಮಲೇರಿಯಾ, ದಡಾರ, ಭೇದಿ ಇದ್ದೇ ಇದ್ದವು. ಆದರೆ ಪಕ್ಕದ ಮನೆಯ ಮಕ್ಕಳೆಲ್ಲ ಚೆನ್ನಾಗಿದ್ದು ಈ ಮನೆಯದ್ದು ಮಾತ್ರ ಉಳಿಯದಿರುವುದಕ್ಕೆ ಒಂದು ದೊಡ್ಡ ಕಾರಣ ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್. ಹಿಮೋಗ್ಲೋಬಿನ್ ತಯಾರಿಸುವ ವಂಶವಾಹಿಯಲ್ಲಿ ಒಂದೇ ಒಂದು ಸಣ್ಣ ಬದಲಾವಣೆ. ಅದರಿಂದ ದುಂಡಗಿರಬೇಕಾದ ಕೆಂಪು ರಕ್ತಕಣ ಕುಡಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಈ ವಂಶವಾಹಿ ತಂದೆಯಿಂದಲೋ ತಾಯಿಯಿಂದಲೋ ಒಂದೇ ಬಂದಿದ್ದರೆ ತೊಂದರೆಯಿಲ್ಲ. ಮಾರಕ ಮಲೇರಿಯಾದಿಂದ ಒಂದಿಷ್ಟು ರಕ್ಷಣೆಯೇ ಸಿಗುತ್ತದೆ. ಸೊಳ್ಳೆಗಳ ನಾಡಾದ ಪಶ್ಚಿಮ ಆಫ್ರಿಕಾದಲ್ಲಿ ಇದು ಇಷ್ಟು ಹರಡಲು ಅದೇ ಕಾರಣ. ನೈಜೀರಿಯಾದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಇದನ್ನು ಹೊತ್ತಿದ್ದಾರೆ. ಇಬ್ಬರೂ ಹೊತ್ತವರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ರೋಗದ ಮಗು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಿಂದಿನ ಮಗುವಿಗೆ ಏನಾಯಿತು ಎಂಬುದು ಮುಂದಿನದರ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಒಂದು ಮನೆಯಲ್ಲಿ ಮೂರು ಹೋಗಬಹುದು, ಅಂಥದ್ದೇ ಇನ್ನೊಂದು ಮನೆಯಲ್ಲಿ ಒಂದೂ ಹೋಗದಿರಬಹುದು. ಔಷಧವಿಲ್ಲದ ಕಾಲದಲ್ಲಿ ರೋಗದ ಮಕ್ಕಳು ಬಹುಪಾಲು ಐದು ವರ್ಷ ದಾಟುತ್ತಿರಲಿಲ್ಲ.

ರೋಗದ ಸ್ವಭಾವವೂ ಕಥೆಗೆ ಹೊಂದಿಕೊಂಡಿತು. ಕೂಸಿನ ಅಂಗೈ ಅಂಗಾಲು ಇದ್ದಕ್ಕಿದ್ದಂತೆ ಊದುತ್ತದೆ, ನೋವಿಗೆ ಚೀರಾಡುತ್ತದೆ, ನಾಲ್ಕು ದಿನ ಕಳೆದರೆ ಏನೂ ಆಗಿಲ್ಲವೆಂಬಂತೆ ಆಡುತ್ತದೆ. ಮತ್ತೆ ಮಲಗುತ್ತದೆ, ಮತ್ತೆ ಏಳುತ್ತದೆ. ಮೇಲಿನ ಲೋಕದ ಗೆಳೆಯರು ಕರೆದಾಗ ಹೊರಡಲು ನೋಡುತ್ತಿದೆ, ಅಮ್ಮ ಹಿಡಿದಾಗ ಉಳಿಯುತ್ತಿದೆ ಎಂದು ಕಂಡವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಹಾಗೆಂದು ಅಬಿಕು ಎಂದರೆ ಸಿಕಲ್ ಸೆಲ್ ಎಂದು ಸಮೀಕರಿಸಿಬಿಡುವುದೂ ಸರಿಯಲ್ಲ. ಮಲೇರಿಯಾದಿಂದ ಸತ್ತ ಕೂಸೂ ಅಬಿಕುವೇ ಆಗುತ್ತಿತ್ತು. ಅದು ರೋಗದ ಹೆಸರಲ್ಲ, ಮನೆಯ ದುಃಖದ ಹೆಸರು. ಇಂದು ನೈಜೀರಿಯಾದ ಲಾಗೋಸ್ ನಗರದ ಯುವಕ ಯುವತಿಯರು ಮದುವೆಯ ಮಾತು ಮುಂದುವರಿಯುವ ಮೊದಲೇ ‘ನಿನ್ನ ಜೀನೋಟೈಪ್ ಏನು’ ಎಂದು ಕೇಳಿಕೊಳ್ಳುತ್ತಾರೆ. ಎಎ (ಎರಡೂ ವಂಶವಾಹಿ ಸರಿಯಿರುವುದು) ಆದರೆ ಯೋಚನೆಯಿಲ್ಲ, ಎಎಸ್ (ಒಂದು ಕುಡಗೋಲು ಕಣದ್ದು) ಆದರೆ ಎದುರಿನವರದ್ದೂ ನೋಡಬೇಕು. ಆ ಪರೀಕ್ಷೆಯ ಕಾಗದ ತೋರಿಸದೆ ಮದುವೆ ಮಾಡಿಸದ ಚರ್ಚುಗಳು ಹಲವಿವೆ. ಕುಡಗೋಲು ಕಣ ನಮಗೂ ದೂರದ್ದಲ್ಲ. 2023ರ ಜುಲೈ 1ರಂದು ಭಾರತದಲ್ಲಿ ಶುರುವಾದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ತಪಾಸಣೆ ಮುಖ್ಯವಾಗಿ ಬುಡಕಟ್ಟು ಹಾಡಿಗಳಲ್ಲಿ ನಡೆಯುತ್ತಿದೆ.

ಕೊಸೊಕೊ ಎಂಬ ಹೆಸರು ಇತಿಹಾಸದಲ್ಲಿ ಉಳಿದದ್ದು ಒಬ್ಬ ದೊರೆಯಿಂದ. ಹತ್ತೊಂಬತ್ತನೆಯ ಶತಮಾನದ ಲಾಗೋಸ್ ಒಂದು ಪುಟ್ಟ ದ್ವೀಪರಾಜ್ಯ, ಗುಲಾಮರನ್ನು ಸಾಗಿಸುವ ದೊಡ್ಡ ಬಂದರು. ಅಲ್ಲಿನ ಅರಸನಿಗೆ ‘ಒಬಾ’ ಎನ್ನುತ್ತಾರೆ. ಒಬಾ ಒಸಿನ್ಲೊಕುನ್‌ನ ಮಗ ಕೊಸೊಕೊ. ಹೆಸರನ್ನು ನೋಡಿದರೆ ಅರಮನೆಯಲ್ಲೂ ಇವನಿಗಿಂತ ಮೊದಲು ಕೂಸುಗಳು ಹೋಗಿರಬೇಕು. 1845ರಲ್ಲಿ ಚಿಕ್ಕಪ್ಪ ಅಕಿತೊಯೆಯನ್ನು ಓಡಿಸಿ ಪಟ್ಟಕ್ಕೆ ಬಂದ. ಓಡಿಹೋದ ಅಕಿತೊಯೆ ಗುಲಾಮ ವ್ಯಾಪಾರ ನಿಲ್ಲಿಸುತ್ತೇನೆಂದು ಬ್ರಿಟಿಷರಿಗೆ ಮಾತು ಕೊಟ್ಟು ಅವರ ನೆರವು ಕೇಳಿದ. 1851ರ ಡಿಸೆಂಬರ್ ಕೊನೆಯ ವಾರ ಬ್ರಿಟಿಷ್ ಹಡಗುಗಳು ಲಾಗೋಸಿನ ಮೇಲೆ ಗುಂಡಿನ ಮಳೆಗರೆದವು. ಕೊಸೊಕೊ ತನ್ನವರೊಂದಿಗೆ ಲಗೂನಿನ (ಕಡಲ ಹಿನ್ನೀರಿನ) ಪೂರ್ವಕ್ಕಿರುವ ಎಪೆ ಎಂಬ ಊರಿಗೆ ಹೋಗಿ ನೆಲೆಯೂರಿದ. 1854ರಲ್ಲಿ ಬ್ರಿಟಿಷರು ಅಲ್ಲಿಯೇ ಅವನೊಡನೆ ಒಪ್ಪಂದ ಮಾಡಿಕೊಂಡರು. 1861ರ ಆಗಸ್ಟಿನಲ್ಲಿ ಲಾಗೋಸನ್ನೇ ತಮ್ಮ ವಸಾಹತು ಮಾಡಿಕೊಂಡ ಮೇಲೆ, ಮರುವರ್ಷ ಅವನಿಗೆ ಊರಿಗೆ ಮರಳಲು ಬಿಟ್ಟರು. 1872ರಲ್ಲಿ ಲಾಗೋಸಿನಲ್ಲೇ ತೀರಿಕೊಂಡ. ಗುಲಾಮ ವ್ಯಾಪಾರದಿಂದ ಬೆಳೆದ ದೊರೆಯನ್ನು ಹೊಗಳಲು ಏನಿದೆ ಎಂದು ಕೇಳಬಹುದು. ಹಾಗೆಯೇ, ಗುಲಾಮಗಿರಿಯ ವಿರುದ್ಧ ಬಂದ ಹಡಗುಗಳು ಹತ್ತೇ ವರ್ಷದಲ್ಲಿ ಊರನ್ನೇ ನುಂಗಿದವಲ್ಲ ಎಂದೂ ಕೇಳಬಹುದು.

ಇಲ್ಲೊಂದು ಹೆಸರಿನದ್ದೇ ವಿಚಿತ್ರ ಇದೆ. ಲಾಗೋಸಿನಲ್ಲಿ ಬ್ರಿಟಿಷರು ಕೈಹಾಕಬೇಕೆಂದು 1851ರಲ್ಲಿ ಲಂಡನ್ನಿಗೆ ಹೋಗಿ ಮಂತ್ರಿಗಳ ಮುಂದೆ, ರಾಣಿ ವಿಕ್ಟೋರಿಯಾಳ ಮುಂದೆ ಮಾತಾಡಿದ ಯೊರುಬಾ ಪಾದ್ರಿ ಸ್ಯಾಮುಯೆಲ್ ಅಜಾಯಿ ಕ್ರೌಥರ್. ಹುಡುಗನಾಗಿದ್ದಾಗ ಗುಲಾಮನಾಗಿ ಮಾರಾಟವಾಗಿ, 1822ರಲ್ಲಿ ಹಡಗಿನಿಂದ ಬಿಡುಗಡೆಯಾಗಿ, 1864ರಲ್ಲಿ ಆಂಗ್ಲಿಕನ್ ಚರ್ಚಿನ ಮೊದಲ ಆಫ್ರಿಕನ್ ಬಿಷಪ್ ಆದವರು. ‘ಅಜಾಯಿ’ ಎಂದರೆ ಮುಖ ಕೆಳಗಾಗಿ ಹುಟ್ಟಿದ ಮಗು. ಯೊರುಬಾದಲ್ಲಿ ಹೀಗೆ ಹುಟ್ಟಿದ ರೀತಿಯೇ ಕೊಡುವ ಹೆಸರುಗಳಿಗೆ ‘ಮೇಲಿನ ಲೋಕದಿಂದ ತಂದ ಹೆಸರು’ ಎನ್ನುತ್ತಾರೆ, ಅದರಲ್ಲಿ ತಂದೆತಾಯಿಗೆ ಆಯ್ಕೆಯೇ ಇಲ್ಲ. ಅವಳಿಗಳಲ್ಲಿ ಮೊದಲು ಬಂದದ್ದು ತಾಯಿವೊ, ಆಮೇಲಿನದು ಕೆಹಿಂದೆ, ಅವರ ಬೆನ್ನಿಗೆ ಹುಟ್ಟಿದ್ದು ಇದೊವು. ಕಾಲು ಮುಂದಾಗಿ ಬಂದರೆ ಇಗೆ. ಜಡೆಗಟ್ಟಿದ ಕೂದಲಿದ್ದರೆ ದಾದಾ. ಕೊಸೊಕೊ ಹಾಗಲ್ಲ, ಮನೆಯವರು ಯೋಚಿಸಿ ಇಡುವ ಹೆಸರು. ‘ಮನೆಯ ಸ್ಥಿತಿ ನೋಡಿ ಮಗುವಿಗೆ ಹೆಸರಿಡು’ ಎಂಬುದು ಯೊರುಬಾ ಗಾದೆ. ಹಿಂದೆ ಗಂಡಿಗೆ ಒಂಬತ್ತನೆಯ ದಿನ, ಹೆಣ್ಣಿಗೆ ಏಳನೆಯ ದಿನ, ಅವಳಿಗಳಿಗೆ ಎಂಟನೆಯ ದಿನ ನಾಮಕರಣ. ಈಗ ಎಲ್ಲರಿಗೂ ಎಂಟು. ಜೇನು, ಉಪ್ಪು, ನೀರು, ಕೋಲಾ ಕಾಯಿಗಳನ್ನು ಒಂದೊಂದಾಗಿ ಮುಟ್ಟಿಸಿ ಹರಸುತ್ತಾರೆ. ಅಜ್ಜ ಅಜ್ಜಿ, ಅತ್ತೆ ಮಾವಂದಿರೆಲ್ಲ ತಮ್ಮದೊಂದು ಹೆಸರು ಹೇಳಿ ಕೂಸಿನ ಹೆಸರಿಗೆ ಕಾಸು ಹಾಕುತ್ತಾರೆ.

ಹೆಸರು ಇಷ್ಟು ಅಪರೂಪವಾದದ್ದು ಹೇಗೆ? ಮೊದಲ ಕಾರಣ ಸಂತೋಷದ್ದೇ. ನೈಜೀರಿಯಾದಲ್ಲಿ 1990ರ ಸುಮಾರಿಗೆ ಸಾವಿರ ಮಕ್ಕಳಲ್ಲಿ 200ರ ಆಸುಪಾಸು ಐದು ವರ್ಷದೊಳಗೆ ತೀರಿಕೊಳ್ಳುತ್ತಿದ್ದರು, ಈಗ ಅದು 110ರ ಹತ್ತಿರಕ್ಕೆ ಇಳಿದಿದೆ. ಇನ್ನೂ ಬಹಳ ಹೆಚ್ಚು, ಆದರೂ ಅರ್ಧದಷ್ಟು. ಎರಡನೆಯದು ಧರ್ಮ. ಕಳೆದ ಕೆಲವು ದಶಕಗಳಲ್ಲಿ ಪೆಂಟೆಕೋಸ್ಟಲ್ ಚರ್ಚುಗಳು ಬೆಳೆದಂತೆ ಹಳೆಯ ದೇವತೆಗಳ ಹೆಸರಿರುವವರು ಹೆಸರು ತಿದ್ದಿಕೊಳ್ಳುವುದು ಸಾಮಾನ್ಯವಾಯಿತು. ಕಬ್ಬಿಣದ ದೇವರು ಒಗುನ್ ಇದ್ದ ಕಡೆ ‘ಒಲು’ ಎಂಬ ದೇವರ ಹೆಸರು ಬಂತು, ಎಶು ಎಂಬ ದೇವರು ಇದ್ದ ಕಡೆ ಜೇಸು (ಯೇಸು) ಬಂದ. ಇಂಥ ಹೊತ್ತಿನಲ್ಲಿ ಸಾವು, ಗುದ್ದಲಿ, ಚಿಂದಿ ಎನ್ನುವ ಹೆಸರುಗಳು ಅಪಶಕುನವೆನಿಸಿದವು. ನನಗೆ ಇದು ಕೊಂಚ ನಷ್ಟವೆಂದೇ ಕಾಣುತ್ತದೆ. ಹೊಸ ಹೆಸರುಗಳೆಲ್ಲ ದೇವರು ಕೊಟ್ಟ, ದೇವರು ಕಾಪಾಡಿದ ಎಂದು ಒಂದೇ ರಾಗ ಹಾಡುತ್ತವೆ.

ಅಡ್ಡಹೆಸರಾಗಿ ಮಾತ್ರ ಕೊಸೊಕೊ ಗಟ್ಟಿಯಾಗಿ ನಿಂತಿದೆ. ಮೊದಲು ಯೊರುಬಾಗಳಿಗೆ ನಮ್ಮ ಈಗಿನ ಅರ್ಥದ ಸರ್‌ನೇಮ್ ಇರಲಿಲ್ಲ. ಮಿಷನ್ ಶಾಲೆ, ಸರ್ಕಾರಿ ಕಚೇರಿಗಳು ಅಪ್ಪನ ಹೆಸರನ್ನೋ ಅಜ್ಜನ ಹೆಸರನ್ನೋ ಮನೆತನದ ಹೆಸರಾಗಿ ಬರೆದುಕೊಂಡವು. ಹಾಗಾಗಿ ಒಂದು ಕೂಸನ್ನು ಉಳಿಸಿಕೊಳ್ಳಲು ಇಟ್ಟ ಹೆಸರನ್ನು ಇಂದು ಆರೋಗ್ಯವಾಗಿರುವ ಹೆಣ್ಣುಮಕ್ಕಳು, ಗಂಡುಮಕ್ಕಳು, ಮೊಮ್ಮಕ್ಕಳೆಲ್ಲ ಹೊತ್ತಿದ್ದಾರೆ. ದುರೊಜಾಯೆ, ದುರೊಸಿನ್ಮಿ, ಬಾಂಜೊಕೊ, ಕೊಕುಮೊಗಳದ್ದೂ (ಇನ್ನು ಸಾಯುವುದಿಲ್ಲ) ಇದೇ ಕಥೆ. ನೈಜೀರಿಯಾದ ಸಿನಿಮಾ ನೋಡುವವರಿಗೆ ಹಿರಿಯ ನಟ ಜೀಡೆ ಕೊಸೊಕೊ ಗೊತ್ತಿರುತ್ತಾರೆ. 1954ರಲ್ಲಿ ಹುಟ್ಟಿದ ಅವರು ಲಾಗೋಸಿನ ಆ ದೊರೆಯ ಮನೆತನದವರು, ಹೆಸರಿನ ಮೊದಲಿಗೆ ‘ಪ್ರಿನ್ಸ್’ ಹಾಕಿಕೊಳ್ಳುತ್ತಾರೆ.

ಮೊದಲ ಹೆಸರಾಗಿ ಇದು ಎಷ್ಟು ಜನಕ್ಕಿದೆ ಎಂಬ ಲೆಕ್ಕ ಹುಡುಕುವವರಿಗೆ ಒಂದು ಎಚ್ಚರಿಕೆ. ಅಮೆರಿಕದ ಸೋಷಿಯಲ್ ಸೆಕ್ಯೂರಿಟಿ ಇಲಾಖೆ ಪ್ರತಿವರ್ಷ ಹೊರತರುವ ಹೆಸರಿನ ಪಟ್ಟಿಯಲ್ಲಿ ಆ ವರ್ಷ ಕನಿಷ್ಠ 5 ಮಕ್ಕಳಿಗೆ ಇಟ್ಟ ಹೆಸರಷ್ಟೇ ಬರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್ ಪಟ್ಟಿಗೆ ಸೇರಲು ಕನಿಷ್ಠ 3 ಬೇಕು. ಖಾಸಗಿತನ ಕಾಪಾಡಲು ಮಾಡಿದ ನಿಯಮ ಇದು. ಅದರ ಕೆಳಗಿನವು ಲೆಕ್ಕದಿಂದಲೇ ಮಾಯ. ಲಂಡನ್ನಿನ ಒಂದು ಯೊರುಬಾ ಮನೆ ಅಜ್ಜನ ನೆನಪಿಗೆ ಮಗುವಿಗೆ ಕೊಸೊಕೊ ಎಂದಿಟ್ಟರೆ ಯಾವ ಪಟ್ಟಿಯಲ್ಲೂ ಅದು ಕಾಣುವುದಿಲ್ಲ. ನೈಜೀರಿಯಾದಲ್ಲಂತೂ ಬಹಳಷ್ಟು ಮಕ್ಕಳ ಜನನ ನೋಂದಣಿಯೇ ಆಗುವುದಿಲ್ಲ. ಮೇಲಾಗಿ ಯೊರುಬಾ ಕೂಸಿಗೆ ನಾಮಕರಣದ ದಿನ ಐದಾರು ಹೆಸರು ಬಿದ್ದಿರುತ್ತವೆ, ಶಾಲೆಯ ದಾಖಲೆಗೆ ಹೋಗುವುದು ಒಂದೋ ಎರಡೋ. ಅಜ್ಜಿ ಮಾತ್ರ ಕರೆಯುವ ಹೆಸರು ಯಾವ ಇಲಾಖೆಯ ಪುಸ್ತಕಕ್ಕೂ ಹೋಗುವುದಿಲ್ಲ. ‘ಜನಪ್ರಿಯತೆ: ಹತ್ತು ಲಕ್ಷಕ್ಕೆ ಇಷ್ಟು’ ಎಂದು ಗ್ರಾಫ್ ಬಿಡಿಸಿ ತೋರಿಸುವ ವೆಬ್‌ಸೈಟುಗಳ ಅಂಕಿಯನ್ನು ಈ ಬಗೆಯ ಹೆಸರುಗಳ ವಿಷಯದಲ್ಲಿ ನಂಬದಿರುವುದೇ ಒಳ್ಳೆಯದು.

ಯೊರುಬಾಗಳಲ್ಲದವರೂ ಈ ಹೆಸರು ಇಟ್ಟುಕೊಳ್ಳುವುದುಂಟು. ಅಮೆರಿಕದ ಒಬ್ಬ ಕಾದಂಬರಿಕಾರರ ಮೊದಲ ಹೆಸರೇ ಕೊಸೊಕೊ. ಮೂರೂ ಅಕ್ಷರ ಹ್ರಸ್ವ, ಕಿವಿಗೆ ಚೆಂದ, ಬರೆಯಲು ಸುಲಭ. ಯೊರುಬಾ ಹಿರಿಯರೊಬ್ಬರು ಇಂಥ ಹೆಸರಿನ ಹುಡುಗನನ್ನು ಕಂಡರೆ ಮೊದಲು ಕೇಳುವುದು ಬಹುಶಃ ಅವನಿಗಿಂತ ಮುಂಚೆ ಹುಟ್ಟಿದವರ ಬಗ್ಗೆ. ಹೆಸರಿಡುವ ಮುನ್ನ ಈ ಪ್ರಶ್ನೆಗೆ ತಯಾರಿರಬೇಕು, ಕೊನೆಯ ‘ಕೊ’ವನ್ನು ಏರಿಸಿ ಹೇಳಲು ಮನೆಯವರೆಲ್ಲ ಕಲಿಯಲೂಬೇಕು.